ಕೆಮ್ಮಿಗೆ ಎದ್ದ ಕೈ

ಆರು ಆಲೂಗಡ್ಡೆಯನ್ನು ಐದು ತಟ್ಟೆಗೆ ಸಮನಾಗಿ ಹಂಚುವುದು ಸುಲಭವಲ್ಲ. ಅಮ್ಮ ಹಂಚಿದಳು. ತಟ್ಟೆಗೊಂದು ಇಡೀದು, ಆರನೆಯದು ಐದು ಹೋಳು. ಆಮೇಲೆ ಪಾತ್ರೆಯನ್ನು ಮೇಜಿನ ಮೇಲೆ ಕುಕ್ಕಿ, "ಇವತ್ತಿಗೆ ಇಷ್ಟೇ," ಎಂದಳು.

"ಯಾಕಮ್ಮ?" ಎಂದಳು ತಂಗಿ.

"ಪುರಸಭೇಲಿ ದುಡ್ಡಿಲ್ವಂತೆ. ಸಂಬಳ ಕೊಟ್ಟು ಎರಡು ತಿಂಗಳಾಯ್ತು. ಯಾಕೆ ಅಂತ ದೊಡ್ಡಪ್ಪನ್ನ ಕೇಳು. ಮೆಂಬರ್ ಸಾಹೇಬ್ರು ಇಲ್ಲೇ ಕೂತಿದಾರಲ್ಲ."

ದೊಡ್ಡಪ್ಪ ತಟ್ಟೆಯಿಂದ ತಲೆ ಎತ್ತಲಿಲ್ಲ. ಅಪ್ಪ ಹೋದ ಮೇಲೆ ನಮ್ಮನ್ನು ಸಾಕಿದ್ದು ಅವರೇ. ಟೈಲರ್. ಮನೆಯ ಮುಂದಿನ ಕೋಣೆಯೇ ಅಂಗಡಿ. ಊರಿನವರ ಅಳತೆಯೆಲ್ಲ ಅವರ ಬಾಯಲ್ಲಿ. ಆ ಬಳಕೆಯಿಂದಲೇ ಐದು ವರ್ಷದ ಹಿಂದೆ ಚುನಾವಣೆ ಗೆದ್ದು ಪುರಸಭೆಯ ಮೆಂಬರ್ ಆಗಿದ್ದರು. ಅಮ್ಮನದು ಪುರಸಭೆ ಆಸ್ಪತ್ರೆಯಲ್ಲಿ ಬಟ್ಟೆ ಒಗೆಯುವ ಕೆಲಸ. ಹನ್ನೊಂದು ಹೆಂಗಸರು, ಎರಡು ಹಳೇ ಮಷಿನ್ನು, ದಿನಕ್ಕೆ ಮುನ್ನೂರು ಬೆಡ್‌ಶೀಟು. ಒಗೆಯುವ ಸೋಡಾ ತಾಗಿ ತಾಗಿ ಅವಳ ಅಂಗೈ ಒಡೆದು ಹೋಗಿತ್ತು.

"ಸ್ವಲ್ಪ ತಾಪತ್ರಯ ಇದೆ ಕಣಮ್ಮ. ಸರಿ ಹೋಗುತ್ತೆ," ಎಂದರು ದೊಡ್ಡಪ್ಪ.

ನನ್ನ ಮೈ ಉರಿಯಿತು. ನಾನು ಎಂಟನೇ ಕ್ಲಾಸಿಗೇ ಶಾಲೆ ಬಿಟ್ಟು ವೆಲ್ಡಿಂಗ್ ಅಂಗಡಿ ಸೇರಿದವನು. ಮನೆಯಲ್ಲಿ ನನ್ನನ್ನು ಕರೆಯುವುದೇ ಕಿಡಿ ಅಂತ. "ತಾಪತ್ರಯ ಅಲ್ಲ ದೊಡ್ಡಪ್ಪ, ಕಾರಂಜಿ! ಚೌಕದಲ್ಲಿ ಬಣ್ಣದ ದೀಪ ಹಾಕ್ಕೊಂಡು ಕುಣೀತಿದೆಯಲ್ಲ, ಅದು. ಅದರ ಕಟಕಟೆ ಬೆಸೆದೋನೇ ನಾನು. ನಲ್ಲೀಲಿ ದಿನ ಬಿಟ್ಟು ದಿನ ನೀರು, ಅಲ್ಲಿ ಮಾತ್ರ ಸಾಯಂಕಾಲ ಆದ್ರೆ ನೀರು ಆಕಾಶಕ್ಕೆ ಹಾರುತ್ತೆ. ಸಾಲಕ್ಕೆ ಕೈ ಎತ್ತಿದೋರು ಯಾರು?"

"ಸಾಲ ಮಾಡದೆ ಯಾವ ಊರು ಮೇಲೆ ಬಂದಿದೆಯೋ? ನೀನು ಕುಡಿಯೋ ನೀರಿನ ಟ್ಯಾಂಕೂ ಸಾಲದ್ದೇ. ಆ ಚರಂಡಿನೂ ಸಾಲದ್ದೇ."

"ಟ್ಯಾಂಕು ನೀರು ಕೊಡ್ತು ಭಾವ," ಎಂದಳು ಅಮ್ಮ. "ಕಾರಂಜಿ ಏನು ಕೊಟ್ಟಿತು?"

"ನಾಲ್ಕು ಜನ ಬಂದು ನೋಡ್ತಾರೆ. ವ್ಯಾಪಾರ ಆಗುತ್ತೆ."

"ನೋಡಿದೋರು ಬಟಾಣಿ ತಿಂದು ಹೋದ್ರು. ಪೊಟ್ಟಣ ಇನ್ನೂ ಅಲ್ಲೇ ಬಿದ್ದಿದೆ," ಎಂದಳು ಅಜ್ಜಿ. ವಯಸ್ಸಿನಲ್ಲಿ ಮನೆಮನೆಗೆ ಮೊಟ್ಟೆ ಮಾರಿ ಇಬ್ಬರು ಗಂಡುಮಕ್ಕಳನ್ನು ಸಾಕಿದವಳು. ಈಗ ಹಲ್ಲಿಲ್ಲ, ನಾಲಿಗೆ ಮಾತ್ರ ಹಾಗೇ ಇದೆ.

ಆ ವಾರದಲ್ಲೇ ಪುರಸಭೆಯ ಜವಾನ ಒಂದು ದಪ್ಪ ಪುಸ್ತಕ ತಂದು ದೊಡ್ಡಪ್ಪನ ಕತ್ತರಿಯ ಪಕ್ಕ ಇಟ್ಟು ಹೋದ. ವಿಷಯಪತ್ರ. ಎಂಬತ್ತನಾಲ್ಕು ಪುಟ. ಕಾರಂಜಿಗೆ ಮತ್ತು ಪುರಸಭೆಯ ಹೊಸ ಕಟ್ಟಡಕ್ಕೆ ಹನ್ನೆರಡು ಕೋಟಿ ಸಾಲ ತಂದಿದ್ದರಲ್ಲ, ಅದರ ಕಂತು ಕಟ್ಟಲು ಈಗ ನಾಲ್ಕು ಕೋಟಿ ಹೊಸ ಸಾಲ. ಮುಂದಿನ ತಿಂಗಳ ಸಭೆಯಲ್ಲಿ ಕೈ ಎತ್ತಬೇಕು. ಊರಿಗೆಲ್ಲ ಅದೇ ಮಾತು. ಅಂಗಡಿಗೆ ಅಳತೆ ಕೊಡಲು ಬಂದವರೂ ತೋಳು ಚಾಚಿಕೊಂಡೇ ವಾದ ಮಾಡುತ್ತಿದ್ದರು.

"ಸಾಲ ತೀರಿಸೋಕೆ ಸಾಲ ಮಾಡಿದ್ರೆ ಮುಗಿಯೋದು ಯಾವಾಗ?" ಎಂದರು ಮೇಷ್ಟ್ರು, ಕುತ್ತಿಗೆಗೆ ಟೇಪು ಸುತ್ತಿಸಿಕೊಂಡು.

"ಮಾಡದೆ ಹೋದ್ರೆ ಬ್ಯಾಂಕಿನೋರು ಕಟ್ಟಡಕ್ಕೆ ಬೀಗ ಹಾಕ್ತಾರೆ," ಎಂದ ಲಾರಿ ಡ್ರೈವರು.

"ಹಾಕ್ಲಿ ಬಿಡಿ. ಬೀಗ ಹಾಕಿದ್ಮೇಲೆ ಅಲ್ಲಿ ನಿಂತು ಹೋಗೋ ಕೆಲಸ ಯಾವುದಿದೆ?" ಎಂದರು ಮೇಷ್ಟ್ರು.

ಎಲ್ಲರೂ ನಕ್ಕರು. ದೊಡ್ಡಪ್ಪ ನಗಲಿಲ್ಲ.

ನಾನು ಪುಸ್ತಕವನ್ನು ಎತ್ತಿ ಅವರ ಮುಂದೆ ಹಿಡಿದೆ. "ಓದಿದ್ರಾ?"

"ಓದ್ತೀನಿ."

"ಈಗ ಓದಿ. ಮೊದಲನೇ ಪುಟ. ಇವರ ಮುಂದೇನೇ ಓದಿ."

"ಕೆಲಸ ಇದೆ ಕಣೋ. ಇಡು ಅಲ್ಲಿ."

"ಹೋದ ಸಲದ್ದು ಓದಿದ್ರಾ? ಹನ್ನೆರಡು ಕೋಟಿದು?"

ಅವರು ಸೂಜಿ ಕೆಳಗಿಟ್ಟು, ಊರಿನವರೆದುರು ನನ್ನನ್ನು ಗದರಿದರು. "ಎಂಟನೇ ಕ್ಲಾಸು ಮುಗಿಸದೋನು ನನಗೆ ಪಾಠ ಹೇಳೋಕೆ ಬರ್ತೀಯೇನೋ? ನಡಿ ಒಳಗೆ!"

ಒಳಗೆ ಹೋದೆ. ಅಡುಗೆಮನೆಯಲ್ಲಿ ಅಜ್ಜಿ ಬೇಳೆ ಆರಿಸುತ್ತಿದ್ದಳು. ಕೂಗಾಟವೆಲ್ಲ ಕೇಳಿಸಿತ್ತು. "ಏ ಪುಟ್ಟಿ," ಎಂದು ತಂಗಿಯನ್ನು ಕರೆದಳು. "ದಿನಾ ಬೆಳಿಗ್ಗೆ ಅಂಗಡೀಲಿ ಏನು ಮಾಡ್ತೀಯೇ ನೀನು, ಶಾಲೆಗೆ ಹೋಗೋ ಮುಂಚೆ?"

"ಸೂಜಿಗೆ ದಾರ ಹಾಕ್ತೀನಿ. ಇಪ್ಪತ್ತು ಸೂಜಿಗೆ. ಹಾಕಿ ಮೆತ್ತೇಲಿ ಚುಚ್ಚಿಡ್ತೀನಿ."

"ಎಷ್ಟು ದಿನದಿಂದ?"

ತಂಗಿ ಬೆರಳು ಮಡಚಿದಳು. "ಎರಡನೇ ಕ್ಲಾಸಿಂದ. ಈಗ ಆರು."

ಅಜ್ಜಿ ಮೊರ ಕೆಳಗಿಟ್ಟು ನನ್ನ ಮುಖ ನೋಡಿದಳು. ನಾಲ್ಕು ವರ್ಷ. ನಮ್ಮ ಕಣ್ಣೆದುರೇ ನಾಲ್ಕು ವರ್ಷ ದಿನಕ್ಕೆ ಇಪ್ಪತ್ತು ಸೂಜಿ, ನಮ್ಮಲ್ಲೊಬ್ಬರಿಗೂ ಹೊಳೆದಿರಲಿಲ್ಲ.

ಅಂದು ಊಟಕ್ಕೆ ಕೂತಾಗ ಅಜ್ಜಿ ನೇರವಾಗಿಯೇ ಕೇಳಿದಳು. "ದೊಡ್ಡೋನೇ, ಹತ್ತಿರದ್ದು ಕಾಣಲ್ವಾ ನಿನಗೆ?"

ದೊಡ್ಡಪ್ಪನ ಮುಖ ಹುಳ್ಳಗಾಯಿತು. "ಯಾರು ಹೇಳಿದ್ದು?"

"ಸೂಜಿ ಹೇಳ್ತು."

ದೊಡ್ಡಪ್ಪ ಕೈಯಲ್ಲಿದ್ದ ತುತ್ತನ್ನು ತಟ್ಟೆಗೆ ಇಳಿಸಿದರು. ಆಮೇಲೆ, "ಕಣ್ಣು ಹೋದ ಟೈಲರ್ ಹತ್ರ ಬಟ್ಟೆ ಯಾರವ್ವ ಕೊಡ್ತಾರೆ?" ಎಂದರು. "ಕನ್ನಡಕ ಹಾಕಿದ ದಿನವೇ ಕಾಲರ್ ಸೊಟ್ಟ ಅಂತಾರೆ, ತೋಳು ಉದ್ದ ಅಂತಾರೆ. ನನ್ನ ಕೈಗೆ ಗೊತ್ತು ಬಟ್ಟೆ. ಕಣ್ಣು ಬೇಕಾಗಿಲ್ಲ."

"ಬಟ್ಟೆಗೆ ಬೇಡ," ಎಂದಳು ಅಮ್ಮ. "ಕಾಗದಕ್ಕೆ?"

ನನಗೆ ಕೂಗಾಡಬೇಕು ಅನ್ನಿಸಿತು, ಬಾಯಿ ತೆರೆದೆ. ಅಜ್ಜಿ ಸೌಟು ತೋರಿಸಿ ಮುಚ್ಚಿಸಿದಳು. "ನಾಳೆಯಿಂದ ಊಟಕ್ಕೆ ಮೊದಲು ನಾಲ್ಕು ಪುಟ. ಕಿಡಿ ಓದ್ಲಿ. ಓದಿ ಮುಗಿಸೋವರೆಗೂ ಯಾರೂ ಸೌಟು ಮುಟ್ಟೋ ಹಾಗಿಲ್ಲ."

ಹಾಗೆ ಶುರುವಾಯಿತು. ಅಯ್ಯೋ, ಆ ಭಾಷೆ! ಪುಸ್ತಕ ಬರೆದವನು ಜೀವಮಾನದಲ್ಲಿ ಒಬ್ಬ ಮನುಷ್ಯನ ಜೊತೆಗಾದರೂ ಮಾತಾಡಿದ್ದನೋ ಇಲ್ಲವೋ. "ಋಣಸೇವಾ ವೆಚ್ಚದ ಪುನಾರಚನೆ" ಎಂಬಲ್ಲಿ ನಾನು ಮೂರು ಸಲ ಮುಗ್ಗರಿಸಿದೆ. ತಂಗಿ ಬಿಡಿಸಿ ಹೇಳಿದಳು, ಸಾಲದ ಕಂತನ್ನು ಹೊಸದಾಗಿ ಹೊಂದಿಸೋದು ಅಂತ. ಒಂದು ಪುಟಕ್ಕೆ ಕಾಲು ಗಂಟೆ. ಅನ್ನ ಆರಿತು, ಬೇಳೆ ಗಟ್ಟಿಯಾಯಿತು. ಅಜ್ಜಿಯ ಪ್ರಶ್ನೆ ಪ್ರತಿ ಪುಟಕ್ಕೂ ಮೂರೇ: ಯಾರು ಕೇಳಿದ್ರು? ಯಾರಿಗೆ ಸೇರ್ತು? ಯಾರು ಕಟ್ತಾರೆ?

"ಲಿಫ್ಟಿಗೆ ಹದಿನೆಂಟು ಲಕ್ಷ," ಎಂದು ನಾನು ಓದಿದೆ.

"ಯಾರು ಕೇಳಿದ್ರು?"

"ಅಧ್ಯಕ್ಷರಿಗೆ ಮಂಡಿ ನೋವು," ಎಂದರು ದೊಡ್ಡಪ್ಪ ಮೆಲ್ಲಗೆ.

"ನನಗೂ ಮಂಡಿ ನೋವು. ನನ್ನನ್ನ ಯಾರೂ ಕೇಳ್ಲಿಲ್ಲ."

ಮೂರನೇ ದಿನದ ಹೊತ್ತಿಗೆ ನಮಗೆ ಅದೊಂದು ಹುಚ್ಚೇ ಹಿಡಿಯಿತು. ನಾನು ಬೆಸುಗೆ ಹಾಕುತ್ತಲೇ ಹಿಂದಿನ ದಿನದ ಲೆಕ್ಕ ನೆನೆಯುತ್ತಿದ್ದೆ. ಅಮ್ಮ ಹಿಂದಿನ ರಾತ್ರಿಯ ಪುಟಗಳನ್ನು ಲಾಂಡ್ರಿಯ ಹೆಂಗಸರಿಗೆ ಹೇಳುತ್ತಿದ್ದಳಂತೆ, ಅವರು ಬೆಡ್‌ಶೀಟು ಹಿಂಡುತ್ತಾ ಬೈಯುತ್ತಿದ್ದರಂತೆ. ಹದಿನಾರನೇ ಪುಟ ಬಂತು: ಕಾರಂಜಿಯ ಕರೆಂಟು, ಪಂಪು, ದೀಪ, ಕಾವಲು, ವರ್ಷಕ್ಕೆ ಮೂವತ್ತೊಂದು ಲಕ್ಷ. ಮಾರನೇ ದಿನ ಹತ್ತೊಂಬತ್ತನೇ ಪುಟ: ಆಸ್ಪತ್ರೆಯ ಬಟ್ಟೆ ಒಗೆಯುವ ವಿಭಾಗ, ಹನ್ನೊಂದು ಜನರ ಸಂಬಳ ಸೋಪು ಸೋಡಾ ಎಲ್ಲ ಸೇರಿ ಇಪ್ಪತ್ತೆರಡು.

"ಇನ್ನೊಂದ್ಸಲ ಓದು," ಎಂದಳು ಅಮ್ಮ.

ಓದಿದೆ.

"ನಾವು ಹನ್ನೊಂದು ಜನ ಸೇರಿದ್ರೂ ಆ ನೀರಿನಷ್ಟು ಬಾಳಲ್ಲ ಅನ್ನು," ಎಂದು ಎದ್ದು ಬಡಿಸಿದಳು. ಮೊದಲ ಸೌಟು ಎಂದಿನಂತೆ ದೊಡ್ಡಪ್ಪನಿಗೇ.

ಎರಡನೇ ವಾರ ಒಂದು ಸಂಜೆ ಅಜ್ಜಿಗೆ ಮೆಣಸಿನಕಾಯಿ ಗಂಟಲಿಗೆ ಸಿಕ್ಕಿ ಕೆಮ್ಮು ಬಂತು. ದೊಡ್ಡ ಕೆಮ್ಮು. ಆ ಕ್ಷಣವೇ ದೊಡ್ಡಪ್ಪನ ಬಲಗೈ, ತುತ್ತಿನ ಸಮೇತ, ತಲೆಯ ಮೇಲಕ್ಕೆ ಹೋಗಿ ನಿಂತಿತು. ಅನ್ನ ಅವರ ಕಿವಿಯ ಮೇಲೆ ಉದುರಿತು.

ನಾವು ದಂಗಾಗಿ ನೋಡಿದೆವು.

"ಏನು ಬೇಕು ದೊಡ್ಡಪ್ಪ, ನೀರಾ?" ಎಂದಳು ತಂಗಿ.

ಅವರು ತಮ್ಮ ಕೈಯನ್ನು ತಾವೇ ನೋಡಿಕೊಂಡು ಸರಕ್ಕನೆ ಇಳಿಸಿದರು. "ಏನಿಲ್ಲ... ಅಭ್ಯಾಸ."

"ಎಂಥ ಅಭ್ಯಾಸ?"

"ಸಭೇಲಿ ಅಧ್ಯಕ್ಷರು ಕೆಮ್ತಾರೆ. ಕೆಮ್ಮಿದ್ರೆ ಕೈ ಎತ್ತಬೇಕು ಅಂತ ನಮ್ಮ ಕಡೆ ಒಂಬತ್ತು ಜನರಲ್ಲಿ ಮಾತಾಗಿದೆ."

ಅಜ್ಜಿ ಇನ್ನೂ ಕೆಮ್ಮುತ್ತಲೇ ನಗಲು ಶುರುಮಾಡಿದಳು. ಆಮೇಲೆ ತಂಗಿ, ಆಮೇಲೆ ಅಮ್ಮ. ಎರಡು ತಿಂಗಳಲ್ಲಿ ಅಮ್ಮ ನಕ್ಕಿದ್ದು ಅದೇ ಮೊದಲು. ಹೊಟ್ಟೆ ಹುಣ್ಣಾಗುವಷ್ಟು ನಕ್ಕೆವು. ಕೊನೆಗೆ ದೊಡ್ಡಪ್ಪನೂ ನಕ್ಕರು.

"ಅಧ್ಯಕ್ಷರಿಗೆ ನೆಗಡಿ ಆದ್ರೆ ಊರು ಮಾರಿಬಿಡ್ತೀರಲ್ಲೋ!" ಎಂದಳು ಅಜ್ಜಿ ಕಣ್ಣೊರೆಸಿಕೊಂಡು.

ಆ ನಗು ಹೆಚ್ಚು ದಿನ ಉಳಿಯಲಿಲ್ಲ. ನಲವತ್ತೇಳನೇ ಪುಟ ಬಂತು. ಹೊಸ ಸಾಲ ಕೊಡುವವರು ಹಾಕಿದ ಷರತ್ತು. ನಾನು ಓದಿದೆ: "ಆಸ್ಪತ್ರೆಯ ಪೂರಕ ಸೇವೆಗಳನ್ನು ಹಿಂತೆಗೆದುಕೊಳ್ಳತಕ್ಕದ್ದು. ಒಳರೋಗಿಗಳು ಹಾಸು, ಹೊದಿಕೆ ಹಾಗೂ ಉಡುಪನ್ನು ಸ್ವತಃ ಒದಗಿಸಿಕೊಳ್ಳತಕ್ಕದ್ದು."

"ಅಂದ್ರೆ?" ಎಂದಳು ಅಜ್ಜಿ.

ತಂಗಿ ತಲೆ ತಗ್ಗಿಸಿ ಹೇಳಿದಳು. "ಬೆಡ್‌ಶೀಟು ಮನೆಯಿಂದ ತರಬೇಕು ಅಂತ. ಲಾಂಡ್ರಿ ಇರಲ್ಲ ಅಂತ."

ಅಮ್ಮ ಎರಡೂ ಅಂಗೈ ಮೇಜಿನ ಮೇಲೆ ಮಲಗಿಸಿದಳು. ಬಿರುಕುಗಳಲ್ಲಿ ಸೋಪಿನ ಬಿಳಿ ಕೂತಿತ್ತು.

ನಾನು ಪುಸ್ತಕ ಎಸೆದೆ. "ಈಗ ಹೇಳಿ ದೊಡ್ಡಪ್ಪ! ಕಣ್ಣು ಕಾಣ್ಲಿಲ್ಲ ಅಂತ ಹೋದ ಸಲ ತಪ್ಪಿಸ್ಕೊಂಡ್ರಿ. ಈ ಸಲ ಕಿವಿ ಕೇಳಿಸ್ತಲ್ಲ?"

"ಅಷ್ಟು ಸುಲಭ ಅಲ್ಲ ಕಣೋ." ಅವರ ದನಿ ಕುಗ್ಗಿತು. "ನೆನ್ನೆ ಅಧ್ಯಕ್ಷರು ಅಂಗಡಿಗೆ ಬಂದಿದ್ರು. ಕೋಟು ಹೊಲಿಯೋಕೆ ಬಟ್ಟೆ ಕೊಟ್ರು. ಪುರಸಭೆ ನೌಕರರ ಇನ್ನೂರು ಯೂನಿಫಾರ್ಮು ನನಗೇ ಅಂದ್ರು. ಒಂದು ವರ್ಷದ ಊಟ ಅದು. ನಮ್ಮೆಲ್ಲರ ಊಟ."

"ನನ್ನ ಕೆಲಸ ಕಿತ್ಕೊಂಡು ನನಗೇ ಊಟ ಹಾಕ್ತೀರಾ ಭಾವ?" ಎಂದಳು ಅಮ್ಮ. ಜೋರಾಗಿ ಅನ್ನಲಿಲ್ಲ. "ಇಷ್ಟು ವರ್ಷ ನಮ್ಮನ್ನ ಸಾಕಿದೀರಿ, ನಿಮ್ಮ ಋಣ ದೊಡ್ಡದು. ಕೈ ನಿಮ್ಮದು, ಎತ್ತೋದು ಬಿಡೋದು ನಿಮಗೆ ಬಿಟ್ಟಿದ್ದು. ಆದ್ರೆ ಹೆರಿಗೆ ವಾರ್ಡಿನ ಬಟ್ಟೆ ಹೆಂಗಿರುತ್ತೆ ಅಂತ ಒಂದು ಸಲ ಬಂದು ನೋಡಿ. ಅದನ್ನ ಬಾಣಂತಿ ಮನೆಗೆ ಹೊತ್ಕೊಂಡು ಹೋಗಿ ಒಗೀಬೇಕಂತೆ."

ಅದಾದ ಮೇಲೆ ಹತ್ತು ದಿನ ಬಾಕಿ ಪುಟ ಓದಿದೆ. ಕೊನೆಯಲ್ಲಿ ಸಭೆಯ ನಿಯಮಗಳು ಇದ್ದವು; ಯಾರೂ ಓದುವುದಿಲ್ಲ ಎಂದು ಇರುವೆಯಷ್ಟು ಅಕ್ಷರದಲ್ಲಿ. ಹದಿನಾಲ್ಕನೆಯದನ್ನು ತಂಗಿ ಕೂಗಿ ಹೇಳಿದಳು. "ಯಾವನೇ ಸದಸ್ಯ ಕೋರಿದಲ್ಲಿ ವಿಷಯಪತ್ರವನ್ನು ಮತಕ್ಕೆ ಮುನ್ನ ಪೂರ್ತಿ ಓದತಕ್ಕದ್ದು!"

ದೊಡ್ಡಪ್ಪ ಕೇಳಿಸಿಕೊಂಡರೋ ಇಲ್ಲವೋ. ಎದ್ದು ಕೈ ತೊಳೆದರು. ಮಾರನೇ ದಿನ ಅಂಗಡಿ ಮುಚ್ಚಿ ಎಲ್ಲಿಗೋ ಬಸ್ಸು ಹತ್ತಿ ಹೋದರು. ಸಂಜೆ ಬಂದರು. ಎಲ್ಲಿಗೆ ಎಂದು ಹೇಳಲಿಲ್ಲ.

ಸಭೆಯ ದಿನ ನಾನು ವೆಲ್ಡಿಂಗ್ ಅಂಗಡಿಗೆ ರಜೆ ಹಾಕಿದೆ. ಲಾಂಡ್ರಿಯ ಹನ್ನೊಂದು ಹೆಂಗಸರೂ ಬೆಳಗಿನ ಕೆಲಸ ಮುಗಿಸಿ, ಒದ್ದೆ ತೋಳಿನಲ್ಲೇ ಬಂದಿದ್ದರು. ಸಭೆ ಮೂರನೇ ಮಹಡಿಯಲ್ಲಿ. ಹದಿನೆಂಟು ಲಕ್ಷದ ಲಿಫ್ಟಿನ ಬಾಗಿಲಿಗೆ 'ದುರಸ್ತಿಯಲ್ಲಿದೆ' ಎಂಬ ಬೋರ್ಡು. ಅಜ್ಜಿ ಅದನ್ನು ನನ್ನಿಂದ ಓದಿಸಿಕೊಂಡು, "ದುಡ್ಡು ಕಟ್ಟೋದೂ ನಾನು, ಹತ್ತೋದೂ ನಾನು," ಎಂದು ಮೆಟ್ಟಿಲು ಮೆಟ್ಟಿಲಿಗೆ ಅಧ್ಯಕ್ಷರನ್ನು ನೆನೆಯುತ್ತಾ ಹತ್ತಿದಳು. ಜನರಿಗೆ ಹಾಕಿದ್ದ ಬೆಂಚುಗಳಲ್ಲಿ ನಮ್ಮದೇ ಗಲಾಟೆ.

ಹದಿನೇಳು ಕುರ್ಚಿ. ಅಧ್ಯಕ್ಷರ ಕಡೆ ಅವರೂ ಸೇರಿ ಒಂಬತ್ತು, ಆಚೆ ಎಂಟು. ದೊಡ್ಡಪ್ಪ ಇಸ್ತ್ರಿ ಅಂಗಿ ತೊಟ್ಟು ಎರಡನೇ ಸಾಲಿನಲ್ಲಿ ಕೂತಿದ್ದರು. ನಮ್ಮ ಕಡೆ ನೋಡಲಿಲ್ಲ.

"ವಿಷಯ ಸಂಖ್ಯೆ ಮೂರು," ಎಂದ ಕಾರ್ಯದರ್ಶಿ. "ಋಣಸೇವಾ ವೆಚ್ಚದ ಪುನಾರಚನೆ. ಎಲ್ಲರೂ ಓದಿರುವುದರಿಂದ ಓದಿದೆ ಎಂದೇ ಭಾವಿಸಿ..."

ಅಧ್ಯಕ್ಷರು ಕೆಮ್ಮಿದರು.

ಕೈಗಳು ಎದ್ದವು. ದೊಡ್ಡಪ್ಪನ ಬಲಗೈಯೂ ಎದ್ದಿತು. ಎದೆಯ ಎತ್ತರಕ್ಕೆ ಬಂದು, ಅಲ್ಲಿಂದ ಜೇಬಿಗೆ ಇಳಿಯಿತು. ಕರಿ ಚೌಕಟ್ಟಿನ ಕನ್ನಡಕವೊಂದನ್ನು ತೆಗೆದು ಊರಿನವರೆಲ್ಲರ ಎದುರು ಮೂಗಿನ ಮೇಲೆ ಇಟ್ಟುಕೊಂಡರು. ಬಸ್ಸು ಹತ್ತಿ ಹೋಗಿ ತಂದದ್ದು ಅದನ್ನೇ. ನಮ್ಮೂರಿನ ಅಂಗಡಿಯಲ್ಲಿ ಕೊಂಡರೆ ಸುದ್ದಿ ಹಬ್ಬುತ್ತದೆಂದು ಪಕ್ಕದೂರಿಗೆ ಹೋಗಿದ್ದರು.

"ಹದಿನಾಲ್ಕನೇ ನಿಯಮ," ಎಂದು ಎದ್ದು ನಿಂತರು. "ಕಾಗದ ಪೂರ್ತಿ ಓದಬೇಕು."

"ಎಂಬತ್ತನಾಲ್ಕು ಪುಟ ಇದೆ ಸ್ವಾಮಿ!" ಎಂದ ಕಾರ್ಯದರ್ಶಿ.

"ನಾನೇ ಓದ್ತೀನಿ."

ಅಧ್ಯಕ್ಷರು ನಕ್ಕರು. "ಏನು ಟೈಲರೇ, ಕನ್ನಡಕ ಯಾವಾಗ ಬಂತು?"

"ನಾಲ್ಕು ವರ್ಷ ತಡವಾಗಿ ಬಂತು ಅಧ್ಯಕ್ಷರೇ." ದೊಡ್ಡಪ್ಪ ಕಾರ್ಯದರ್ಶಿಯ ಕಡೆ ತಿರುಗಿದರು. "ನಾಲ್ಕು ವರ್ಷದಿಂದ ನನಗೆ ಹತ್ತಿರದ್ದು ಕಾಣಲ್ಲ. ಹನ್ನೆರಡು ಕೋಟಿ ಕಾಗದ ನಾನು ಓದಿಲ್ಲ. ಓದದೆ ಕೈ ಎತ್ತಿದೆ. ತಪ್ಪು ನನ್ನದು. ಹಿಂಗಂತ ನಡಾವಳಿ ಪುಸ್ತಕದಲ್ಲಿ ನನ್ನ ಹೆಸರು ಹಾಕಿ ಬರ್ಕೊಳ್ಳಿ. ಓದದೆ ಎತ್ತಿದೋರು ಇನ್ಯಾರಾದ್ರೂ ಇದ್ರೆ ಅವರದ್ದೂ ಬರ್ಕೊಳ್ಳಿ."

ಅಧ್ಯಕ್ಷರ ಪಕ್ಕದಲ್ಲಿದ್ದ ಔಷಧಿ ಅಂಗಡಿಯವರು, ಅವರೂ ಆ ಒಂಬತ್ತರಲ್ಲಿ ಒಬ್ಬರು, ಎತ್ತಿದ ಕೈ ಇಳಿಸಿ ತಮ್ಮ ಪುಸ್ತಕದ ಹಾಳೆ ಬಿಡಿಸತೊಡಗಿದರು. ಹೊಸ ಪುಸ್ತಕ. ಅಂಟಿದ ಹಾಳೆಗಳು ಚರಚರ ಎಂದವು.

"ಓದಿ ಮೆಂಬರೇ!" ಎಂದು ಕೂಗಿದಳು ಅಜ್ಜಿ. ಲಾಂಡ್ರಿಯ ಹೆಂಗಸರು ಬೆಂಚು ಬಡಿದರು.

ಓದಿದರು. ಮೂರೂವರೆ ಗಂಟೆ! ಮೊದಮೊದಲು ತೊದಲಿದರು, ಆಮೇಲೆ ಸಲೀಸಾಯಿತು. ಸುದ್ದಿ ಕೆಳಗೆ ಬೀದಿಗೆ ಹೋಗಿ, ಮೆಟ್ಟಿಲ ತುಂಬ ಜನ. ಮೇಷ್ಟ್ರು ಬಂದರು, ಲಾರಿ ಡ್ರೈವರು ಬಂದ. ಮೂವತ್ತೊಂದು ಲಕ್ಷ ಎಂದಾಗ ಮೆಟ್ಟಿಲಿನಿಂದ ಸಿಳ್ಳೆ ಬಿತ್ತು. ಇಪ್ಪತ್ತೆರಡು ಎಂದಾಗ ಹನ್ನೊಂದು ಹೆಂಗಸರೂ ಯಾರೂ ಹೇಳದೆ ಎದ್ದು ನಿಂತರು. ನಲವತ್ತೇಳನೇ ಪುಟವನ್ನು ದೊಡ್ಡಪ್ಪ ಎರಡು ಸಲ ಓದಿದರು. ಎರಡನೇ ಸಲ ಪುರಸಭೆಯ ಭಾಷೆ ಬಿಟ್ಟು ನಮ್ಮ ತಂಗಿಯ ಭಾಷೆಯಲ್ಲಿ: "ಬೆಡ್‌ಶೀಟು ಮನೆಯಿಂದ ತರಬೇಕು. ಲಾಂಡ್ರಿ ಇರಲ್ಲ."

ಮುಗಿದಾಗ ಅಧ್ಯಕ್ಷರು ಕೆಮ್ಮಲಿಲ್ಲ. ಬೆವರೊರೆಸಿಕೊಂಡು, "ಮತಕ್ಕೆ," ಎಂದರು. ಪರವಾಗಿ ಏಳು ಕೈ. ವಿರುದ್ಧ ಹತ್ತು. ಹತ್ತನೆಯದು ಔಷಧಿ ಅಂಗಡಿಯವರದು. ಆಮೇಲೆ ಎದ್ದ ಕೂಗಿಗೆ ಕಿಟಕಿಯ ಗಾಜು ಅದುರಿತು. ನಾನು ಯಾರನ್ನೋ ಎತ್ತಿಕೊಂಡು ಕುಣಿದೆ; ಕೆಳಗಿಳಿಸಿ ನೋಡಿದರೆ ಅದು ಮೇಷ್ಟ್ರು.

ಸಾಲವೇನೂ ಮಾಯವಾಗಲಿಲ್ಲ. ಹನ್ನೆರಡು ಕೋಟಿ ಅಲ್ಲೇ ಇದೆ. ಖರ್ಚು ಉಳಿಸಲು ಕಾರಂಜಿ ನಿಲ್ಲಿಸಿದರು, ಅಮ್ಮನಿಗೆ ಒಂದು ತಿಂಗಳ ಸಂಬಳ ಬಂತು, ಉಳಿದದ್ದು ಬಾಕಿ. ಮಾರನೇ ಬೆಳಿಗ್ಗೆಯೇ ಅಧ್ಯಕ್ಷರ ಡ್ರೈವರು ಬಂದು ಕೋಟಿನ ಬಟ್ಟೆ ವಾಪಸು ಕೇಳಿದ. ಇನ್ನೂರು ಯೂನಿಫಾರ್ಮೂ ಬೇರೆಯವರಿಗಂತೆ. ದೊಡ್ಡಪ್ಪ ಬಟ್ಟೆಯನ್ನು ನೀಟಾಗಿ ಮಡಚಿ ಕೊಟ್ಟರು. "ಹೊಸ ಟೈಲರಿಗೆ ಹೇಳಪ್ಪ, ಸೊಂಟ ಎರಡಿಂಚು ಜಾಸ್ತಿ ಆಗಿದೆ ಅಂತ."

ಆ ವಾರ ಅಂಗಡಿಗೆ ಬಂದವರು ನಾಲ್ಕೇ ಜನ. ಒಬ್ಬ ಮೂಗಿನ ಮೇಲಿನ ಕನ್ನಡಕ ನೋಡಿ, ಹೊಲಿಯಲು ತಂದ ಬಟ್ಟೆ ಕಂಕುಳಲ್ಲೇ ಇಟ್ಟುಕೊಂಡು ಹೋದ. ದೊಡ್ಡಪ್ಪ ಹೇಳಿದ್ದೇ ಆಯಿತು. ನನಗೆ ಅವನ ಕೊರಳಪಟ್ಟಿ ಹಿಡಿಯಬೇಕೆನಿಸಿತು. "ಬಿಡೋ ಕಿಡಿ," ಎಂದರು. "ಬೇರೆಯೋರ ಮೈಮೇಲೆ ನನ್ನ ಹೊಲಿಗೆ ನೋಡ್ತಾನಲ್ಲ. ಕಾಲರ್ ಸೊಟ್ಟ ಇದ್ರೆ ಬರಲ್ಲ. ಸರಿ ಇದ್ರೆ ಬರ್ತಾನೆ."

ತಿಂಗಳ ಕೊನೆಗೆ ಜವಾನ ಮತ್ತೆ ಬಂದ. ಹೊಸ ವಿಷಯಪತ್ರ: ಹಳೇ ಸಾಲ ತೀರಿಸುವ ದಾರಿಗಳು. ನೂರ ಹನ್ನೆರಡು ಪುಟ. ಸಂಜೆ ಅಮ್ಮ ತಟ್ಟೆ ಜೋಡಿಸಿದಳು, ಬೇಯಿಸಿದ ಆಲೂಗಡ್ಡೆ ಹೊಗೆಯಾಡುತ್ತಿತ್ತು. ನಾನು ಗಂಟಲು ಸರಿಮಾಡಿಕೊಳ್ಳಲು ಕೆಮ್ಮಿ, ಪುಸ್ತಕಕ್ಕೆ ಕೈ ಚಾಚಿದೆ.

ದೊಡ್ಡಪ್ಪನ ಬಲಗೈ ಮೇಜಿನಿಂದ ಒಂದು ಗೇಣು ಎದ್ದಿತು. ಎಲ್ಲರೂ ಅದನ್ನೇ ನೋಡಿದೆವು. ಆ ಕೈ ನೇರ ಬಂದು ನನ್ನ ಕೈಯಿಂದ ಪುಸ್ತಕ ಕಿತ್ತುಕೊಂಡಿತು.

"ಕೊಡು ಇಲ್ಲಿ," ಎಂದು ಕನ್ನಡಕ ಏರಿಸಿದರು. "ನೀನು ಓದಿದ್ರೆ ಆಲೂಗಡ್ಡೆ ಆರಿ ಹೋಗುತ್ತೆ."